ವ್ಯಾನಿನ ವಂಶಾವಳಿ

ಕೆಲವು ಹೆಸರುಗಳ ಅದೃಷ್ಟ ವಿಚಿತ್ರವಾದುದು. ಹುಟ್ಟುವಾಗ ಅವು ಯಾವುದೋ ಕಾರ್ಖಾನೆಯ ಸ್ವತ್ತು. ಬಾಯಿಂದ ಬಾಯಿಗೆ ದಾಟುತ್ತ ದಾಟುತ್ತ ಊರಿನ ಸ್ವತ್ತಾಗಿಬಿಡುತ್ತವೆ. ‘ಟೆಂಪೊ’ ಎಂಬ ಮಾತು ಅಂಥದು. ನಮ್ಮ ನಾಡಿನಲ್ಲಿ ಸಾಮಾನು ಹೊರುವ ಸಣ್ಣ ಮೋಟಾರು ಯಾವುದೇ ಬರಲಿ, ಜನ ಅದನ್ನು ಟೆಂಪೊ ಎನ್ನುತ್ತಾರೆ; ಕರಾವಳಿಯ ಕಡೆ ಪ್ರಯಾಣಿಕರನ್ನು ತುಂಬಿಕೊಂಡು ಓಡಾಡಿದ ವ್ಯಾನಿಗೂ ಅದೇ ಹೆಸರು. ‘ಮೆಟಡೋರ್’ ಎಂಬುದು ಮತ್ತೊಂದು. ಮದುವೆಯ ದಿಬ್ಬಣಕ್ಕೆ, ಧರ್ಮಸ್ಥಳದ ಯಾತ್ರೆಗೆ, ನಾಟಕದ ಪರದೆ ಸಾಗಿಸುವುದಕ್ಕೆ ‘ಒಂದು ಮೆಟಡೋರ್ ಗೊತ್ತು ಮಾಡಿ’ ಎಂದು ಹೇಳಿದವರಲ್ಲಿ ಆ ಮಾತು ಸ್ಪೇನ್ ದೇಶದ್ದೆಂದೂ, ಕಾಳಗದ ಕಣದಲ್ಲಿ ಗೂಳಿಯನ್ನು ಕೊಲ್ಲುವ ವೀರನಿಗೆ ಅಲ್ಲಿ ಆ ಹೆಸರೆಂದೂ ಯೋಚಿಸಿದವರು ಎಷ್ಟು ಮಂದಿ? ಟೆಂಪೊ ಎಂದರೆ ಇಟಲಿಯವರಿಗೆ ಕಾಲ, ಜರ್ಮನರಿಗೆ ವೇಗ. ಈ ಎರಡು ಹೆಸರುಗಳೂ ವಾಹನಕ್ಕೆ ಅಂಟಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಅಲ್ಲಿಂದ ಪುಣೆಗೆ ಬಂದು, ಪುಣೆಯಿಂದ ನಮ್ಮ ಸಂತೆಯ ಬೀದಿಗೆ ಬಂದುವು.

‘ವ್ಯಾನ್’ ಎಂಬ ಮಾತಿನ ಚರಿತ್ರೆಯೂ ಕಡಿಮೆ ಸ್ವಾರಸ್ಯದ್ದಲ್ಲ. ಪಾರಸಿಗಳ ‘ಕಾರವಾನ್’, ಎಂದರೆ ಮರುಭೂಮಿಯಲ್ಲಿ ಒಂಟೆಗಳ ಸಾಲು ಕಟ್ಟಿಕೊಂಡು ಹೋಗುವ ವರ್ತಕರ ತಂಡ. ಇಂಗ್ಲಿಷರು ಆ ಶಬ್ದವನ್ನು ಎರವಲು ಪಡೆದು ಮುಚ್ಚಿದ ಗಾಡಿಗೆ ಅನ್ವಯಿಸಿದರು. ಕಾಲಕ್ರಮದಲ್ಲಿ ತಲೆ ಕತ್ತರಿಸಿ ಬಾಲವನ್ನು ಮಾತ್ರ ಉಳಿಸಿಕೊಂಡರು. ಮರಳುಗಾಡಿನ ಒಂಟೆಯೂ ಪೇಟೆಯ ವ್ಯಾನೂ ಮಾಡುವ ಕೆಲಸ ಒಂದೇ: ಒಬ್ಬ ಸಾಮಾನ್ಯ ವರ್ತಕನ ಬದುಕನ್ನು ಬೆನ್ನ ಮೇಲೆ ಹೊತ್ತು ಇನ್ನೊಂದು ಊರಿಗೆ ಮುಟ್ಟಿಸುವುದು.

ಕಾರನ್ನು ಕುರಿತು ಬರೆಯುವವರಿಗೆ ಕೊರತೆಯಿಲ್ಲ. ವ್ಯಾನನ್ನು ಕುರಿತು ಸಾಹಿತ್ಯದ ಪುಟದಲ್ಲಿ ಬರೆಯುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ ಹಾಲು, ಪತ್ರಿಕೆ, ಔಷಧಿ, ಹೂವು, ಶಾಲೆಯ ಮಕ್ಕಳು ಎಲ್ಲವನ್ನೂ ದಿನಬೆಳಗಾದರೆ ನಮ್ಮ ಬಾಗಿಲಿಗೆ ತರುವ ಈ ಪೆಟ್ಟಿಗೆಯ ರೂಪವನ್ನು ಯಾರು, ಯಾವಾಗ, ಏಕೆ ಹೀಗೆ ಗೊತ್ತುಮಾಡಿದರು ಎಂಬುದು ತಿಳಿಯತಕ್ಕ ವಿಷಯವೆಂದೇ ನನ್ನ ಭಾವನೆ. ಯಂತ್ರವನ್ನು ಓದುವುದಕ್ಕೂ ಒಂದು ಅಕ್ಷರಾಭ್ಯಾಸ ಬೇಕು. ಆ ಅಭ್ಯಾಸದ ಒಂದೆರಡು ಪಾಠಗಳನ್ನು ಇಲ್ಲಿ ಹೇಳಲು ಬಯಸುತ್ತೇನೆ.

ಮೂರು ಪ್ರಶ್ನೆಗಳು

ವ್ಯಾನಿನ ಮೂತಿಯ ಮೇಲಿರುವ ಹೆಸರು ಅದರ ವಿಷಯವಾಗಿ ಹೆಚ್ಚೇನನ್ನೂ ಹೇಳುವುದಿಲ್ಲ. ಅದನ್ನು ನಿಜವಾಗಿ ಅರಿಯಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದು ಯಾವ ತಲೆಮಾರಿನದು? ಇದರ ಬೆನ್ನೆಲುಬು, ಎಂದರೆ ಚಾಸಿ, ಯಾವ ಬಗೆಯದು? ಇದರ ಎಂಜಿನ್ ಯಾವುದು, ಎಲ್ಲಿ ಕುಳಿತಿದೆ? ಈ ಮೂರನ್ನೂ ಯಂತ್ರಜ್ಞರು ತಮ್ಮ ಶಾಸ್ತ್ರದ ಪ್ರಶ್ನೆಗಳೆಂದು ಭಾವಿಸುವುದುಂಟು. ನನಗಾದರೋ ಅವು ಮನುಷ್ಯರನ್ನು ಕುರಿತ ಪ್ರಶ್ನೆಗಳಾಗಿ ಕಾಣುತ್ತವೆ. ಚಾಸಿಯ ಲೆಕ್ಕವನ್ನು ತೀರಿಸುವವನು ಮೂಟೆ ಹೊರುವ ಹಮಾಲಿ. ಎಂಜಿನ್ ಇರುವ ಸ್ಥಳದ ಲೆಕ್ಕವನ್ನು ತೀರಿಸುವವನು ಚಾಲಕ. ಎಂಜಿನ್ ಉಣ್ಣುವ ಎಣ್ಣೆಯ ಲೆಕ್ಕವನ್ನು ತೀರಿಸುವವರು ಬೀದಿಯಲ್ಲಿ ಉಸಿರಾಡುವ ನಾವೆಲ್ಲರೂ.

ಮೊದಲು ಬೆನ್ನೆಲುಬನ್ನು ನೋಡೋಣ. ಲಾರಿಯ ಕೆಳಗೆ ಬಾಗಿ ನೋಡಿದವರಿಗೆ ಅಲ್ಲಿ ಮಲಗಿಸಿಟ್ಟ ಏಣಿಯಂಥ ಒಂದು ಚೌಕಟ್ಟು ಕಂಡಿರಬೇಕು: ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅಡ್ಡಕ್ಕೆ ಕೆಲವು ಮೆಟ್ಟಿಲು. ಎಂಜಿನ್, ಗಾಲಿ, ಕಮಾನುಪಟ್ಟಿ ಎಲ್ಲವೂ ಈ ಏಣಿಗೆ ಬಿಗಿದಿರುತ್ತವೆ. ಮೇಲಿನ ದೇಹ ಅದರ ಮೇಲೆ ಕುಳಿತ ಅತಿಥಿ. ಅತಿಥಿಯನ್ನು ಎಬ್ಬಿಸಿ ಬೇರೊಬ್ಬನನ್ನು ಕೂರಿಸಬಹುದು. ನಮ್ಮ ದೇಶದಲ್ಲಿ ಬರಿಯ ಚಾಸಿಯನ್ನು ಕೊಂಡು ತಂದು, ಊರಿನಲ್ಲೇ ಬಾಡಿ ಕಟ್ಟುವವರಿಂದ ಮರ, ತಗಡುಗಳ ದೇಹ ಕಟ್ಟಿಸಿ, ಮೇಲೆ ದೇವರ ಹೆಸರು ಬರೆಯಿಸುವ ಪದ್ಧತಿ ಬೆಳೆದದ್ದು ಈ ಏಣಿಯ ಕೃಪೆಯಿಂದ.

ಎರಡನೆಯ ಬಗೆಯಲ್ಲಿ ಏಣಿಯೇ ಇರುವುದಿಲ್ಲ. ನೆಲ, ಗೋಡೆ, ಮಾಡು ಎಲ್ಲವೂ ಮಡಿಸಿ ಬೆಸೆದ ತಗಡಾಗಿ, ಭಾರವನ್ನು ತಮ್ಮ ತಮ್ಮಲ್ಲೇ ಹಂಚಿಕೊಳ್ಳುತ್ತವೆ. ಬೊಂಬಿನ ಚಪ್ಪರಕ್ಕೂ ಮೊಟ್ಟೆಯ ಚಿಪ್ಪಿಗೂ ಇರುವ ವ್ಯತ್ಯಾಸವೇ ಇವೆರಡಕ್ಕೂ ಇರುವುದು. ಚಿಪ್ಪಿನ ಬಗೆಯದು ಹಗುರ; ಅದರ ನೆಲ ತಗ್ಗು. ಆದರೆ ಅದರ ಗೋಡೆಯಲ್ಲಿ ಅರಿಯದವರು ಕಿಟಕಿ ಕೊರೆದರೆ ಕೊರೆದದ್ದು ಗೋಡೆಯನ್ನಲ್ಲ, ಎಲುಬನ್ನೇ. ತುಕ್ಕು ಹಿಡಿದರೂ ಹಾಗೆಯೇ. ಮೂರನೆಯದು ಇವೆರಡರ ಸಂಕರ: ಮುಂದೆ ಚಾಲಕನ ಕೋಣೆ ಚಿಪ್ಪಿನಂತೆ, ಹಿಂದೆ ಬರಿಯ ತೊಲೆಗಳು. ಆ ತೊಲೆಗಳ ಮೇಲೆ ಬೇಕಾದುದನ್ನು ಕಟ್ಟಿಕೊಳ್ಳಬಹುದು: ಹಾಲಿನ ತೊಟ್ಟಿ, ರೋಗಿಗಳ ಗಾಡಿ, ಸಂಚಾರಿ ಪುಸ್ತಕಾಲಯ.

ಇದರಲ್ಲಿ ಹಮಾಲಿಯ ಪಾತ್ರ ಎಲ್ಲಿ ಬಂತೆಂದು ಕೇಳಬಹುದು. ಎಂಜಿನ್ ಮುಂದಿದ್ದು ಹಿಂದಿನ ಗಾಲಿಯನ್ನು ತಿರುಗಿಸಬೇಕಾದರೆ, ಗಾಡಿಯ ಹೊಟ್ಟೆಯ ಕೆಳಗೆ ಉದ್ದನೆಯ ತಿರುಗುವ ದಂಡವೊಂದು ಹಾದುಹೋಗಬೇಕು. ದಂಡಕ್ಕೆ ಜಾಗ, ಏಣಿಗೆ ಜಾಗ, ಹಿಂದಿನ ಅಚ್ಚಿಗೆ ಜಾಗ, ಇಷ್ಟನ್ನೂ ಬಿಟ್ಟು ಅದರ ಮೇಲೆ ನೆಲ. ಎಂಜಿನ್ ಮುಂದಿನ ಗಾಲಿಯನ್ನೇ ತಿರುಗಿಸಿದರೆ ದಂಡವೇ ಬೇಡ. ನೆಲ ಒಂದಡಿಯಷ್ಟಾದರೂ ಕೆಳಗಿಳಿಯಬಹುದು. ಈ ಒಂದಡಿಯನ್ನು ಲಘುವಾಗಿ ಎಣಿಸಬೇಡಿ. ಮಂಡಿಯಲ್ಲಿ ಒಬ್ಬ ಹಮಾಲಿ ಐವತ್ತು ಕಿಲೋಗ್ರಾಮಿನ ಚೀಲಗಳನ್ನು ದಿನಕ್ಕೆ ನೂರು ಏರಿಸುತ್ತಾನೆನ್ನಿ. ನೆಲ ಒಂದಡಿ ಎತ್ತರವಾದರೆ ಅವನು ಪ್ರತಿದಿನವೂ ೫ ಟನ್ ತೂಕವನ್ನು ಒಂದಡಿ ಹೆಚ್ಚಾಗಿ ಎತ್ತಿದಂತಾಯಿತು. ನಕ್ಷೆ ಬರೆಯುವವನ ಮೇಜಿನ ಮೇಲೆ ಅದು ಒಂದು ಗೆರೆ; ಇವನ ಸೊಂಟದಲ್ಲಿ ಅದು ನಲವತ್ತನೆಯ ವಯಸ್ಸಿಗೆ ಬರುವ ನೋವು.

ಹಾಗಾದರೆ ಎಲ್ಲ ವ್ಯಾನುಗಳಿಗೂ ಮುಂಗಾಲಿಯ ಚಾಲನೆಯನ್ನೇ ಏಕೆ ಕೊಡಬಾರದು? ಇಲ್ಲಿ ಪ್ರಕೃತಿ ತನ್ನ ತಕರಾರನ್ನು ಎತ್ತುತ್ತದೆ. ಹಿಂದೆ ಸಾಮಾನು ತುಂಬಿದಷ್ಟೂ ಭಾರ ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆ. ಏರು ಹತ್ತುವಾಗ ಅದು ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಮುಂಗಾಲಿ ಹಗುರಾಗಿ, ಒದ್ದೆಯ ಹಾದಿಯಲ್ಲಿ ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತದೆ. ಮಳೆಗಾಲದಲ್ಲಿ ಘಟ್ಟ ಹತ್ತುವ ಗಾಡಿಗೆ ಹಿಂಗಾಲಿಯೇ ಕ್ಷೇಮ. ಪೇಟೆಯಲ್ಲಿ ಬಾಗಿಲಿಂದ ಬಾಗಿಲಿಗೆ ಹತ್ತಿ ಇಳಿಯುವ ಗಾಡಿಗೆ ಮುಂಗಾಲಿಯೇ ಲೇಸು. ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಒಪ್ಪುವ ವ್ಯಾನೆಂಬುದಿಲ್ಲ.

ಒಂದು ಎಂಜಿನ್, ಎರಡು ಮನೆ

ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನಿಯ ಪಟ್ಟಣಗಳು ಇಟ್ಟಿಗೆಯ ರಾಶಿಗಳಾಗಿದ್ದುವು. ಇಟ್ಟಿಗೆ, ಸುಣ್ಣ, ರೊಟ್ಟಿ, ಕಲ್ಲಿದ್ದಲು ಸಾಗಿಸಲು ಅಗ್ಗದ ಗಾಡಿ ಬೇಕಾಗಿದ್ದಿತು. ಹ್ಯಾಂಬರ್ಗಿನ ವಿಡಾಲ್ ಮನೆತನದ ಟೆಂಪೊ ಕಾರ್ಖಾನೆ ಯುದ್ಧಕ್ಕೆ ಮೊದಲೇ ಮೂರು ಗಾಲಿಯ ಸಾಮಾನು ಗಾಡಿಗಳಿಗೆ ಹೆಸರಾಗಿದ್ದಿತು. ೧೯೪೯ರಲ್ಲಿ ಅದು ‘ಹಾನ್ಸಿಯಾಟ್’ ಎಂಬ ಮೂರು ಗಾಲಿಯ ಗಾಡಿಯನ್ನೂ ‘ಮೆಟಡೋರ್’ ಎಂಬ ನಾಲ್ಕು ಗಾಲಿಯ ವ್ಯಾನನ್ನೂ ಹೊರತಂದಿತು. ಮೆಟಡೋರಿಗೆ ಸ್ವಂತ ಎಂಜಿನ್ ಇರಲಿಲ್ಲ. ವೋಲ್ಕ್ಸ್‌ವ್ಯಾಗನ್ ಸಂಸ್ಥೆ ತನ್ನ ಪುಟ್ಟ ಕಾರಿಗೆಂದು ಮಾಡುತ್ತಿದ್ದ, ಗಾಳಿಯಿಂದಲೇ ತಣಿಯುವ ೨೫ ಅಶ್ವಶಕ್ತಿಯ ಎಂಜಿನನ್ನು ಕೊಂಡು, ಅದನ್ನು ಮುಂದೆ ಇರಿಸಿ, ಮುಂಗಾಲಿಗಳನ್ನು ತಿರುಗಿಸುವಂತೆ ಮಾಡಿದ್ದರು. ಹಿಂದೆ ನೆಲ ತಗ್ಗಾಗಿ, ಸಮತಟ್ಟಾಗಿ ಉಳಿಯಿತು.

ಅದೇ ಸಮಯದಲ್ಲಿ ವೋಲ್ಕ್ಸ್‌ವ್ಯಾಗನ್‌ನವರೂ ಒಂದು ವ್ಯಾನನ್ನು ಕುರಿತು ಯೋಚಿಸುತ್ತಿದ್ದರು. ಬೆನ್ ಪಾನ್ ಎಂಬ ಡಚ್ ವರ್ತಕ ವೋಲ್ಫ್ಸ್‌ಬರ್ಗಿನ ಕಾರ್ಖಾನೆಗೆ ಹೋಗಿದ್ದಾಗ, ಅಲ್ಲಿನ ಕೆಲಸಗಾರರು ಕಾರಿನ ಚಾಸಿಯ ಮೇಲೆ ಹಲಗೆ ಹೊದಿಸಿ ಸಾಮಾನು ಸಾಗಿಸುತ್ತಿದ್ದುದನ್ನು ಕಂಡನು. ೧೯೪೭ರ ಏಪ್ರಿಲ್ ೨೩ರಂದು ಅವನು ತನ್ನ ಟಿಪ್ಪಣಿಯ ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದನು: ಒಂದು ಪೆಟ್ಟಿಗೆ, ಚಾಲಕ ಮುಂತುದಿಯಲ್ಲಿ, ಎಂಜಿನ್ ಹಿಂತುದಿಯಲ್ಲಿ, ಸಾಮಾನು ನಡುವೆ. ಶಾಲೆಯ ಹುಡುಗನೂ ಬರೆಯಬಹುದಾದ ಆ ಚಿತ್ರ ಈಗ ಆಮ್ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮಿನಲ್ಲಿ, ಮಹಾ ಚಿತ್ರಕಾರರ ಕೃತಿಗಳಿರುವ ಮನೆಯಲ್ಲಿಯೇ, ಸೇರಿದೆ. ಸಾಮಾನು ನಡುವೆ ಇದ್ದುದರಿಂದ ಗಾಡಿ ತುಂಬಿದ್ದರೂ ಖಾಲಿಯಿದ್ದರೂ ತಕ್ಕಡಿ ಸಮನಾಗಿಯೇ ಇರುತ್ತಿದ್ದಿತು. ೧೯೫೦ರ ಮಾರ್ಚಿಯಲ್ಲಿ ಈ ವ್ಯಾನು ಕಾರ್ಖಾನೆಯಿಂದ ಹೊರಬಂದಿತು.

ಹೀಗೆ ಒಂದೇ ಎಂಜಿನ್ ಎರಡು ಮನೆಗಳಲ್ಲಿ ಬಾಳತೊಡಗಿತು: ಮೆಟಡೋರಿನಲ್ಲಿ ಮುಂದೆ, ವೋಲ್ಕ್ಸ್‌ವ್ಯಾಗನ್‌ನಲ್ಲಿ ಹಿಂದೆ. ಆದರೆ ತಾಯಿಮನೆಯವರೇ ಅಂಗಡಿ ತೆರೆದ ಮೇಲೆ ನೆರೆಯವರಿಗೆ ಸಾಮಾನು ಎಷ್ಟು ದಿನ ಸಿಕ್ಕೀತು? ೧೯೫೨ರಲ್ಲಿ ವೋಲ್ಕ್ಸ್‌ವ್ಯಾಗನ್ ಎಂಜಿನ್ ಕೊಡುವುದನ್ನು ನಿಲ್ಲಿಸಿತು. ಟೆಂಪೊದವರು ಮೊದಲು ಹೈಂಕೆಲ್ ಸಂಸ್ಥೆಯ ಎಂಜಿನ್‌ಗಳನ್ನೂ ಆ ಬಳಿಕ ಇಂಗ್ಲೆಂಡಿನ ಆಸ್ಟಿನ್ ಎಂಜಿನ್‌ಗಳನ್ನೂ ತಂದು ಕೂರಿಸಿದರು. ಹೃದಯ ಬದಲಾಯಿತು, ಹೆಸರು ಉಳಿಯಿತು. ಮುಂದೆ ಹೆಸರೂ ಬದಲಾಯಿತು. ಅರವತ್ತರ ದಶಕದಲ್ಲಿ ಕಾರ್ಖಾನೆ ಹಾನೊಮಾಗ್ ಸಂಸ್ಥೆಯ ಪಾಲಾಯಿತು. ಅಲ್ಲಿಂದ ಹಾನೊಮಾಗ್-ಹೆನ್ಷೆಲ್ ಆಗಿ ಡೈಮ್ಲರ್-ಬೆನ್ಜ್ ಕೈಸೇರಿತು. ೧೯೬೩ರಲ್ಲಿ ಮೆಟಡೋರ್ ಎಂದು ಹುಟ್ಟಿದ ದೇಹವೇ ೧೯೭೦ರ ಬಳಿಕ ಮರ್ಸಿಡೀಸ್-ಬೆನ್ಜ್ ಲಾಂಛನ ಧರಿಸಿ ೧೯೭೭ರ ವರೆಗೆ ಓಡಾಡಿತು. ಮನೆಯ ಬಾಗಿಲಿನ ಮೇಲೆ ನಾಲ್ಕು ಸಲ ಹೆಸರಿನ ಹಲಗೆ ಬದಲಾಯಿಸಿದರೂ ಗೋಡೆಗಳು ಅವೇ. ಮೂತಿಯ ಹೆಸರನ್ನು ನಂಬಬಾರದೆಂದು ನಾನು ಹೇಳಿದುದು ಈ ಕಾರಣದಿಂದ.

ಭಾರತಕ್ಕೆ ಈ ವಂಶ ಬಂದುದು ೧೯೫೮ರಲ್ಲಿ. ಎನ್. ಕೆ. ಫಿರೋದಿಯಾ ಅವರು ಸ್ಥಾಪಿಸಿದ ಬಜಾಜ್ ಟೆಂಪೊ ಸಂಸ್ಥೆ ಹಾನ್ಸಿಯಾಟ್ ಗಾಡಿಯನ್ನು ಇಲ್ಲಿ ತಯಾರಿಸತೊಡಗಿತು. ಜರ್ಮನಿಯಲ್ಲಿ ೧೯೫೬ರಲ್ಲೇ ಕಾಲವಾಗಿದ್ದ ಮೂರು ಗಾಲಿಯ ಗಾಡಿ ಇಲ್ಲಿ ದಶಕಗಳ ಕಾಲ ಬಾಳಿತು. ಮುಂದಿನ ಒಂಟಿ ಗಾಲಿಯ ಮೇಲೆಯೇ ಎರಡು ಹೊಡೆತದ ಎಂಜಿನನ್ನು ಹೊತ್ತ, ಹಂದಿಮೂತಿಯ ಆ ಗಾಡಿಯನ್ನು ಕಂಡವರು ಮರೆಯಲಾರರು. ೧೯೬೯ರಲ್ಲಿ ಮೆಟಡೋರ್ ಬಂದಿತು. ಸುಮಾರು ೨೦೦೦ದ ವರೆಗೂ ಅದರ ತಯಾರಿಕೆ ನಡೆಯಿತು. ಮುಂದಿನ ವರ್ಷಗಳಲ್ಲಿ ಮರ್ಸಿಡೀಸಿನ ‘ಓಎಂ ೬೧೬’ ಎಂಬ ನಾಲ್ಕು ಸಿಲಿಂಡರಿನ, ೨.೪ ಲೀಟರಿನ ಡೀಸೆಲ್ ಎಂಜಿನ್ ಅದಕ್ಕೆ ಒದಗಿತು. ೧೯೮೭ರಲ್ಲಿ ಬಂದ ‘ಟೆಂಪೊ ಟ್ರಾವೆಲರ್’, ನಮ್ಮ ಜನ ‘ಟಿಟಿ’ ಎಂದು ಮೊಟಕು ಮಾಡಿರುವ ಗಾಡಿ, ಮೆಟಡೋರಿನ ಮಗನಲ್ಲ. ಅದು ೧೯೭೭ರಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ಹುಟ್ಟಿದ ಮರ್ಸಿಡೀಸ್ ವ್ಯಾನಿನ ವಂಶ. ಮೆಟಡೋರಿನದು ಮುಂಗಾಲಿಯ ಚಾಲನೆ. ಇದರದು ಹಿಂಗಾಲಿಯ ಚಾಲನೆ. ಆದರೂ ಎರಡಕ್ಕೂ ಅದೇ ಎಂಜಿನ್ ಹೃದಯವಾಯಿತು. ಬೆನ್ನೆಲುಬು ಬೇರೆ, ಹೃದಯ ಒಂದು. ಹಳೆಯ ವ್ಯಾನನ್ನು ಕೊಂಡು ಬದುಕು ಕಟ್ಟಿಕೊಳ್ಳುವವನಿಗೆ ಇದು ಬರಿಯ ಚರಿತ್ರೆಯಲ್ಲ. ಎಂಜಿನ್ ಭಾಗಗಳು ಎಲ್ಲಿಯಾದರೂ ಸಿಕ್ಕಾವು, ಮುಂದಿನ ಅಚ್ಚಿನ ಭಾಗಗಳು ಸಿಕ್ಕಲಾರವು ಎಂಬುದು ಮೊದಲೇ ತಿಳಿದಿದ್ದರೆ ಅವನು ಸಾಲದ ಪತ್ರಕ್ಕೆ ರುಜು ಹಾಕುವ ಮುನ್ನ ಎರಡು ಸಲ ಯೋಚಿಸಿಯಾನು.

ತಲೆಮಾರು ಎಂದರೇನು?

ಈಗ ತಲೆಮಾರಿನ ಪ್ರಶ್ನೆ. ವೋಲ್ಕ್ಸ್‌ವ್ಯಾಗನ್ ವ್ಯಾನಿನ ಭಕ್ತರು ‘ಟಿ ೧’, ‘ಟಿ ೨’ ಎಂದು ಪೀಳಿಗೆಗಳನ್ನು ಎಣಿಸುತ್ತಾರೆ. ಹೊಸಬರಿಗೆ ಇಲ್ಲಿಯೇ ಒಂದು ತೊಡಕು. ಕಾರ್ಖಾನೆಯ ಲೆಕ್ಕದಲ್ಲಿ ಪುಟ್ಟ ಕಾರು ಮೊದಲನೆಯ ಬಗೆ, ವ್ಯಾನು ಎರಡನೆಯ ಬಗೆ. ಆದುದರಿಂದ ಮೊದಲ ಪೀಳಿಗೆಯ ವ್ಯಾನೂ ‘ಎರಡನೆಯ ಬಗೆ’ಯದೇ. ಬಗೆಯ ಎರಡಕ್ಕೂ ಪೀಳಿಗೆಯ ಎರಡಕ್ಕೂ ಸಂಬಂಧವಿಲ್ಲ.

ಮೊದಲ ಪೀಳಿಗೆ ೧೯೫೦ರಿಂದ ೧೯೬೭. ಎರಡನೆಯದು ೧೯೭೯ರ ವರೆಗೆ. ಮೂರನೆಯದು ೧೯೯೦ರ ವರೆಗೆ. ಈ ನಲವತ್ತು ವರ್ಷಗಳಲ್ಲಿ ಮುಂಗನ್ನಡಿ ಬದಲಾಯಿತು, ದೀಪ ಬದಲಾಯಿತು, ದೇಹ ಅಗಲವಾಯಿತು. ೧೯೮೧ರಲ್ಲಿ ಡೀಸೆಲ್ ಎಂಜಿನ್ ಬಂದಿತು; ೧೯೮೨ರಲ್ಲಿ ಗಾಳಿಯಿಂದ ತಣಿಯುತ್ತಿದ್ದ ಎಂಜಿನ್‌ಗೆ ಬದಲಾಗಿ ನೀರಿನಿಂದ ತಣಿಯುವುದು ಬಂದಿತು. ಆದರೆ ಬೆನ್ ಪಾನ್ ಎಳೆದ ಗೆರೆ ಮಾತ್ರ ಕದಲಲಿಲ್ಲ. ಎಂಜಿನ್ ಹಿಂದೆಯೇ ಉಳಿಯಿತು. ಅದು ಕದಲಿದ್ದು ೧೯೯೦ರಲ್ಲಿ, ನಾಲ್ಕನೆಯ ಪೀಳಿಗೆಯಲ್ಲಿ. ಎಂಜಿನ್ ಮುಂದಕ್ಕೆ ಬಂದು ಮುಂಗಾಲಿಗಳನ್ನು ತಿರುಗಿಸತೊಡಗಿತು. ಹಿಂದಿನ ಎಂಜಿನ್ ನುಂಗುತ್ತಿದ್ದ ಜಾಗ ಬಿಡುಗಡೆಯಾಯಿತು. ನೆಲ ತುದಿಯಿಂದ ತುದಿಗೆ ತಗ್ಗಾಯಿತು. ಚಾಲಕನ ಕೋಣೆಯ ಹಿಂದೆ ಬೇಕಾದ ದೇಹ ಕಟ್ಟಿಕೊಳ್ಳುವ ಬರಿಯ ಚಾಸಿಯೂ ದೊರೆಯತೊಡಗಿತು. ೧೯೪೯ರಲ್ಲಿ ಹ್ಯಾಂಬರ್ಗಿನವರು, ಎರವಲು ಎಂಜಿನ್ ಇಟ್ಟುಕೊಂಡು, ಯಾವ ವಿನ್ಯಾಸವನ್ನು ಹಿಡಿದಿದ್ದರೋ ಅದಕ್ಕೇ ಎಂಜಿನ್ ಕೊಟ್ಟವರು ನಲವತ್ತೊಂದು ವರ್ಷಗಳ ಬಳಿಕ ಬಂದು ಸೇರಿದರು. ಆ ವೇಳೆಗೆ ಹ್ಯಾಂಬರ್ಗಿನ ಟೆಂಪೊ ಇರಲಿಲ್ಲ. ಮುಂಚಿತವಾಗಿ ಸರಿಯಾದುದನ್ನು ಕಂಡವರು ಬದುಕಿ ಉಳಿಯುತ್ತಾರೆಂಬ ನಿಯಮವೇನೂ ಇಲ್ಲವಷ್ಟೆ.

ಇಂಗ್ಲೆಂಡಿನಲ್ಲಿ ೧೯೬೫ರಲ್ಲಿ ಹೊರಬಂದ ಫೋರ್ಡ್ ಟ್ರಾನ್ಸಿಟ್ ವ್ಯಾನಿನ ಕಥೆ ಇನ್ನೊಂದು ಬಗೆಯದು. ಅದರ ಪೆಟ್ರೋಲ್ ಎಂಜಿನಿನ ನಾಲ್ಕು ಸಿಲಿಂಡರುಗಳು ಇಂಗ್ಲಿಷಿನ ‘ವಿ’ ಅಕ್ಷರದಂತೆ ಇಬ್ಬಗೆಯಾಗಿ ನಿಂತಿದ್ದುವು. ಅದರಿಂದ ಎಂಜಿನ್ ಗಿಡ್ಡ. ಎಂಜಿನ್ ಗಿಡ್ಡವಾದುದರಿಂದ ಮೂಗೂ ಗಿಡ್ಡ. ಮೂಗು ಗಿಡ್ಡವಾದುದರಿಂದ ಸಾಮಾನಿಗೆ ಹೆಚ್ಚು ಜಾಗ. ಡೀಸೆಲ್ ಬೇಕೆಂದವರಿಗೆ ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಉದ್ದನೆಯ ಎಂಜಿನ್ ಕೊಡಬೇಕಾಯಿತು. ಅದು ಒಳಗೆ ಹಿಡಿಸದೆ, ಮುಂದಿನ ತಗಡನ್ನು ಉಬ್ಬಿಸಿ ಮೂಗನ್ನು ಬೆಳೆಸಬೇಕಾಯಿತು. ಬೀದಿಯಲ್ಲಿ ನಿಂತವನು ಮೂಗು ನೋಡಿಯೇ ಇದು ಡೀಸೆಲ್ ಗಾಡಿ ಎಂದು ಹೇಳಬಹುದಾಗಿದ್ದಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಪೆಟ್ರೋಲಿಗೂ ಸಾಲಿನ ಎಂಜಿನ್ ಬಂದಾಗ ಎಲ್ಲ ಗಾಡಿಗಳ ಮೂಗೂ ಉದ್ದವಾಯಿತು. ಜನ ಅದನ್ನು ಎರಡನೆಯ ಪೀಳಿಗೆ ಎಂದರು. ಕೆಳಗೆ ಬಾಗಿ ನೋಡಿದವರಿಗೆ ಮಾತ್ರ ಹಳೆಯ ದೇಹಕ್ಕೆ ಹೊಸ ಮುಖ ಬಂದುದು ಕಾಣುತ್ತಿದ್ದಿತು. ನಿಜವಾದ ಹೊಸ ದೇಹ ಬಂದುದು ೧೯೮೬ರಲ್ಲಿ. ೨೦೦೦ದಲ್ಲಿ ಬಂದ ಪೀಳಿಗೆಯಲ್ಲಂತೂ ಒಂದೇ ದೇಹದಲ್ಲಿ ಮುಂಗಾಲಿಯ ಚಾಲನೆ ಬೇಕೆ, ಹಿಂಗಾಲಿಯದು ಬೇಕೆ ಎಂದು ಕೊಳ್ಳುವವನನ್ನೇ ಕೇಳಿದರು: ಪೇಟೆಯವನಿಗೆ ಅದು, ಬೆಟ್ಟದವನಿಗೆ ಇದು.

ಇಷ್ಟರಿಂದ ನನಗೆ ತೋರುವುದಿದು: ಮುಖ ಬದಲಾದರೆ ತಲೆಮಾರು ಬದಲಾಗದು, ಬೆನ್ನೆಲುಬು ಬದಲಾದರೆ ಬದಲಾದೀತು. ಭಾಷೆಯ ಚರಿತ್ರೆಯಲ್ಲಿಯೂ ಹೀಗೆಯೇ. ಹೊಸ ಶಬ್ದಗಳು ದಿನವೂ ಬರುತ್ತವೆ, ಅದರಿಂದ ಭಾಷೆ ಬೇರೆಯಾಗುವುದಿಲ್ಲ. ಪ್ರತ್ಯಯಗಳೂ ವಾಕ್ಯದ ಕಟ್ಟೂ ಕದಲಿದಾಗ ಹಳಗನ್ನಡ ನಡುಗನ್ನಡವಾಗುತ್ತದೆ. ವಂಶಾವಳಿಯ ಕೊನೆಯ ಕೊಂಬೆಗಳಂತೂ ಈಗ ಹೆಣೆದುಕೊಂಡುಬಿಟ್ಟಿವೆ. ೨೦೨೪ರಲ್ಲಿ ಅನಾವರಣಗೊಂಡ ವೋಲ್ಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್, ಫೋರ್ಡ್ ವ್ಯಾನಿನ ಬೆನ್ನೆಲುಬಿನ ಮೇಲೆಯೇ ಕಟ್ಟಿದ್ದು. ಅರ್ಧ ಶತಮಾನದ ಎದುರಾಳಿಗಳು ಈಗ ಒಂದೇ ಗರ್ಭದ ಮಕ್ಕಳು.

ಚಾಲಕನ ಮೊಣಕಾಲು

ಪೆಟ್ಟಿಗೆಯ ಉದ್ದವನ್ನೆಲ್ಲ ಸಾಮಾನಿಗೇ ಕೊಡಬೇಕೆಂಬ ಲೋಭ ಸಹಜವಾದುದು. ಅದಕ್ಕೆ ಸುಲಭವಾದ ಉಪಾಯ ಮೂಗನ್ನು ಕೊಯ್ದುಬಿಡುವುದು. ಮೊದಲ ಮೂರು ಪೀಳಿಗೆಗಳ ವೋಲ್ಕ್ಸ್‌ವ್ಯಾಗನ್ ವ್ಯಾನಿನಲ್ಲಿ ಮೂಗಿರಲಿಲ್ಲ. ನಮ್ಮ ಮೆಟಡೋರಿನಲ್ಲಿ ಇದ್ದುದೂ ಅಲ್ಪವೇ. ೧೯೮೪ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಮಾರುತಿ ವ್ಯಾನಿನಲ್ಲಂತೂ, ಎಂದರೆ ಮುಂದೆ ‘ಓಮ್ನಿ’ ಎಂದು ಹೆಸರಾದುದರಲ್ಲಿ, ಮೂಗೆಂಬುದೇ ಇರಲಿಲ್ಲ. ಓಮ್ನಿಯ ಮೂರು ಸಿಲಿಂಡರಿನ, ೭೯೬ ಘನ ಸೆಂಟಿಮೀಟರಿನ ಎಂಜಿನ್ ಮುಂದಿನ ಆಸನಗಳ ಅಡಿಯಲ್ಲಿ ಅಡಗಿ ಕುಳಿತು ಹಿಂದಿನ ಗಾಲಿಗಳನ್ನು ತಿರುಗಿಸುತ್ತಿದ್ದಿತು. ಚಾಲಕನ ಪಾದಗಳು ಮುಂದಿನ ಗಾಲಿಯ ಅಚ್ಚಿಗಿಂತಲೂ ಮುಂದೆ.

ಅದು ಅಷ್ಟು ಕಿರಿದೇಕೆ ಎಂದು ನಾನು ಬಹಳ ಕಾಲ ಯೋಚಿಸಿದುದುಂಟು. ಉತ್ತರ ಜಪಾನಿನ ತೆರಿಗೆಯ ನಿಯಮದಲ್ಲಿದೆ. ಅಲ್ಲಿ ಕಿರುವಾಹನವೆಂಬ ವರ್ಗಕ್ಕೆ ರಿಯಾಯಿತಿಗಳುಂಟು. ಆ ಕಾಲದ ನಿಯಮದಂತೆ ಅಂಥ ಗಾಡಿ ೧.೪ ಮೀಟರಿಗಿಂತ ಅಗಲವಾಗಿರಕೂಡದು, ೩.೨ ಮೀಟರಿಗಿಂತ ಉದ್ದವಾಗಿರಕೂಡದು. ಸುಜುಕಿಯವರು ಆ ಅಳತೆಗೆ ಹೊಲಿದ ಅಂಗಿಯೇ ಹೆಚ್ಚು ಕಡಮೆಯಿಲ್ಲದೆ ನಮಗೆ ಬಂದಿತು. ಟೋಕಿಯೋದ ಒಂದು ತೆರಿಗೆ ಕಾನೂನು ದಾವಣಗೆರೆಯ ಶಾಲಾಮಕ್ಕಳು ಎಷ್ಟು ಒತ್ತಾಗಿ ಕುಳಿತುಕೊಳ್ಳಬೇಕೆಂಬುದನ್ನು ನಿರ್ಣಯಿಸಿತು! ಆದರೂ ಓಮ್ನಿ ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ದೊಡ್ಡ ಬಂಡವಾಳವಿಲ್ಲದ ಎಷ್ಟೋ ಕುಟುಂಬಗಳು ಆ ಪೆಟ್ಟಿಗೆಯ ಆಶ್ರಯದಲ್ಲಿ ಅನ್ನ ಕಂಡುವು. ಸಣ್ಣ ಊರಿನ ಆಸ್ಪತ್ರೆಗಳಿಗೆ ಅದು ರೋಗಿಗಳನ್ನು ಮುಟ್ಟಿಸಿತು. ಕೆಲವು ಸಲ ಶವಗಳನ್ನು ಮನೆಗೆ ಮರಳಿಸಿತು.

ಮೂಗಿಲ್ಲದ ಗಾಡಿ ಎದುರು ಬಂದುದಕ್ಕೆ ಡಿಕ್ಕಿ ಹೊಡೆದಾಗ ಮೊದಲು ನಜ್ಜಾಗುವುದು ಯಾವುದು? ಮೂಗಿರುವ ಗಾಡಿಯಲ್ಲಿ ಬಾನೆಟ್ಟಿನ ತಗಡು ಮಡಿಸಿಕೊಂಡು ಏಟನ್ನು ಸ್ವಲ್ಪವಾದರೂ ನುಂಗಿಕೊಳ್ಳುತ್ತದೆ. ಇಲ್ಲಿ ಆ ಕೆಲಸ ಮನುಷ್ಯನ ಮೊಣಕಾಲಿನ ಪಾಲಿಗೆ ಬರುತ್ತದೆ. ಎರಡು ಖಂಡಗಳಲ್ಲಿ ಎರಡು ಕಾನೂನುಗಳು ಈ ಲೆಕ್ಕವನ್ನು ಕೊನೆಗೆ ಮುಗಿಸಿದುವು. ಬ್ರೆಜಿಲ್ ದೇಶದಲ್ಲಿ ವೋಲ್ಕ್ಸ್‌ವ್ಯಾಗನ್ ವ್ಯಾನಿನ ಎರಡನೆಯ ಪೀಳಿಗೆ, ‘ಕೊಂಬಿ’ ಎಂಬ ಹೆಸರಿನಿಂದ, ಜರ್ಮನಿ ಅದನ್ನು ಕೈಬಿಟ್ಟು ಮೂವತ್ತು ವರ್ಷ ಕಳೆದ ಮೇಲೂ ತಯಾರಾಗುತ್ತಿದ್ದಿತು. ೨೦೧೪ರಿಂದ ಹೊಸ ಗಾಡಿಗಳಲ್ಲಿ ಏಟನ್ನು ತಡೆಯುವ ಗಾಳಿಚೀಲವೂ ಗಾಲಿ ಜಾರದಂತೆ ತಡೆಯುವ ಬ್ರೇಕೂ ಕಡ್ಡಾಯವೆಂದಾದಾಗ, ೨೦೧೩ರ ಕೊನೆಯಲ್ಲಿ ಅದು ನಿಂತಿತು. ನಮ್ಮಲ್ಲಿ ಚಾಲ್ತಿಯಲ್ಲಿದ್ದ ಮಾದರಿಗಳೂ ಡಿಕ್ಕಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮ ೨೦೧೯ರ ಅಕ್ಟೋಬರಿನಿಂದ ಬರಲಿದ್ದಿತು. ಆ ವರ್ಷವೇ ಓಮ್ನಿಯ ತಯಾರಿಕೆ ನಿಂತಿತು. ಎರಡನ್ನೂ ಪ್ರೀತಿಸಿದ ಜನ ಬೇಸರಪಟ್ಟರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಮೂವತ್ತು ನಲವತ್ತು ವರ್ಷ ಮುಂದಿನ ಆಸನದಲ್ಲಿ ಕುಳಿತವರ ಕಾಲುಗಳ ಮೇಲೆ ನಾವು ಅಗ್ಗದ ಬಾಡಿಗೆಯನ್ನು ಪಡೆದೆವೆಂಬುದೂ ನಿಜ.

ಉಸಿರಿನ ಲೆಕ್ಕ

ಕೊನೆಯದಾಗಿ ಎಂಜಿನ್. ಪೆಟ್ರೋಲ್ ಎಂಜಿನಿನಲ್ಲಿ ಕಿಡಿ ಹಚ್ಚಬೇಕು. ಡೀಸೆಲಿನಲ್ಲಿ ಗಾಳಿಯನ್ನು ಅದುಮಿ ಅದುಮಿ ಅದರ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಮೇಲೆ ಹೇಳಿದ ‘ಓಎಂ ೬೧೬’ ಎಂಜಿನ್ ಗಾಳಿಯನ್ನು ಇಪ್ಪತ್ತೊಂದರಲ್ಲಿ ಒಂದು ಪಾಲಿಗೆ ಅದುಮುತ್ತಿದ್ದಿತು. ಎಣ್ಣೆಯನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸದೆ, ಪಕ್ಕದ ಪುಟ್ಟ ಕೋಣೆಯೊಂದರಲ್ಲಿ ಮೊದಲು ಹೊತ್ತಿಸಿ, ಆ ಉರಿಯನ್ನು ಒಳಗೆ ನುಗ್ಗಿಸುವುದು ಅದರ ಕ್ರಮ. ಇದರಿಂದ ಸದ್ದು ಕೊಂಚ ಮೆತ್ತಗಾಗುತ್ತದೆ. ಆದರೆ ಕೋಣೆಯ ಗೋಡೆಗಳಿಗೆ ಕಾವು ಸೋರಿ ಎಣ್ಣೆ ವ್ಯರ್ಥವಾಗುತ್ತದೆ. ಚಳಿಯ ಮುಂಜಾನೆ ಆ ಕೋಣೆಯನ್ನು ವಿದ್ಯುತ್ತಿನ ಕಡ್ಡಿಯಿಂದ ಕಾಯಿಸಬೇಕು. ಕೀಲಿ ತಿರುಗಿಸಿ, ದೀಪ ಆರುವ ವರೆಗೆ ಚಾಲಕನು ಕೈಕಟ್ಟಿ ಕುಳಿತಿರುತ್ತಿದ್ದುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಕೆಲವರು ಆ ಹೊತ್ತಿನಲ್ಲಿ ಊದುಬತ್ತಿ ಹಚ್ಚಿ ದೇವರ ಪಟಕ್ಕೆ ಬೆಳಗುತ್ತಿದ್ದರು. ೨೦೦೫ರಲ್ಲಿ ಬಂದು ಮೂರು ಗಾಲಿಯ ಗಾಡಿಗಳ ಅನ್ನವನ್ನು ಕಸಿದುಕೊಂಡ ಟಾಟಾ ಏಸ್ ಗಾಡಿಯ ೭೦೨ ಘನ ಸೆಂಟಿಮೀಟರಿನ, ಎರಡು ಸಿಲಿಂಡರಿನ ಡೀಸೆಲ್ ಎಂಜಿನೂ ಇದೇ ಪಕ್ಕದ ಕೋಣೆಯ ಸಂಪ್ರದಾಯದ್ದು.

ಬಾಡಿಗೆಗೆ ಓಡುವ ಗಾಡಿಗೆ ಡೀಸೆಲ್ ಹಿತವಾದುದೇಕೆಂದರೆ ಲೀಟರೊಂದಕ್ಕೆ ಅದು ಹೆಚ್ಚು ದೂರ ಓಡುತ್ತದೆ. ನಿಧಾನವಾಗಿ ತಿರುಗುತ್ತಲೇ ಭಾರವನ್ನು ಎಳೆಯುತ್ತದೆ. ಆ ಉಳಿತಾಯದಲ್ಲಿ ಒಂದು ಸಂಸಾರದ ಅಕ್ಕಿಯಿದೆ. ಇನ್ನೊಂದು ಕಡೆ, ಅದರ ಹೊಗೆಯ ಸೂಕ್ಷ್ಮವಾದ ಮಸಿಯೂ ಸಾರಜನಕದ ಆಕ್ಸೈಡುಗಳೂ ಬೀದಿಯ ಬದಿಯಲ್ಲಿ ಹೂ ಮಾರುವವಳ, ಆ ವ್ಯಾನಿನಲ್ಲೇ ಕುಳಿತ ಮಗುವಿನ, ಚಾಲಕನ ಸ್ವಂತ ಶ್ವಾಸಕೋಶಕ್ಕೆ ಇಳಿಯುತ್ತವೆ. ಈ ಲೆಕ್ಕವನ್ನು ಬಹುಕಾಲ ಯಾರೂ ಬರೆದಿಡಲಿಲ್ಲ. ಬರೆದಿಡಬೇಕೆಂದಾಗ ಸುಳ್ಳು ಲೆಕ್ಕ ಬರೆದವರೂ ಉಂಟು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಡೀಸೆಲ್ ಎಂಜಿನನ್ನು ಸಾಧುವಾಗಿಸುವ ಗಣಕಸೂತ್ರವನ್ನು ವೋಲ್ಕ್ಸ್‌ವ್ಯಾಗನ್ ಸಂಸ್ಥೆ ಅಡಗಿಸಿಟ್ಟಿದ್ದುದು ೨೦೧೫ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಲೋಕದಲ್ಲೆಲ್ಲ ಸುಮಾರು ೧ ಕೋಟಿ ೧೦ ಲಕ್ಷ ವಾಹನಗಳಲ್ಲಿ ಆ ಬಗೆಯ ಎಂಜಿನ್ ಇದ್ದಿತು. ನಮ್ಮ ದೇಶದಲ್ಲಿ ೨೦೨೦ರ ಏಪ್ರಿಲ್ ೧ರಿಂದ ‘ಭಾರತ್ ಸ್ಟೇಜ್ ೬’ ಎಂಬ ಕಟ್ಟುನಿಟ್ಟಿನ ನಿಯಮ ಬಂದು, ಸಣ್ಣ ಡೀಸೆಲ್ ಎಂಜಿನ್‌ಗಳನ್ನು ಶುದ್ಧಗೊಳಿಸುವ ಖರ್ಚು ಗಾಡಿಯ ಬೆಲೆಯನ್ನೇ ಏರಿಸುವಷ್ಟಾಯಿತು. ಅದರ ಫಲವಾಗಿ ಸಣ್ಣ ಗಾಡಿಗಳಲ್ಲಿ ಪೆಟ್ರೋಲ್, ಒತ್ತಿಟ್ಟ ಅನಿಲ, ವಿದ್ಯುತ್ತುಗಳಿಗೆ ಹೆಚ್ಚಿನ ಸ್ಥಾನ ದೊರೆಯಿತು.

ವಿದ್ಯುತ್ ವ್ಯಾನು ಬಂದ ಮೇಲೆ ಹಳೆಯ ಪ್ರಶ್ನೆಗಳು ಮುಗಿದುವೆಂದು ತಿಳಿಯಬಾರದು. ಅವು ಹೊಸ ವೇಷದಲ್ಲಿ ಮರಳಿವೆ. ಬ್ಯಾಟರಿಯನ್ನು ಎಲ್ಲಿಡುವುದು? ನೆಲದ ಅಡಿಯಲ್ಲಿ, ಗಾಲಿಗಳ ನಡುವೆ. ನೆಲ ಮತ್ತೆ ಏರುವುದೇ, ಹಮಾಲಿಯ ಸೊಂಟಕ್ಕೆ ಮತ್ತೆ ಭಾರವೇ? ಬ್ಯಾಟರಿಯ ತೂಕವನ್ನು ಯಾವುದರಿಂದ ಕಳೆಯುವುದು? ಸಾಮಾನಿನ ತೂಕದಿಂದಲೇ ತಾನೆ. ೨೦೨೨ರಲ್ಲಿ ವೋಲ್ಕ್ಸ್‌ವ್ಯಾಗನ್‌ನವರು ‘ಐಡಿ ಬಜ್’ ಎಂಬ ವಿದ್ಯುತ್ ವ್ಯಾನನ್ನು ತಂದಾಗ ಅದರ ಮೋಟಾರನ್ನು ಹಿಂದಿನ ಗಾಲಿಗಳ ಬಳಿ ಇರಿಸಿದರು. ಬೆನ್ ಪಾನನ ಗೆರೆಗೆ ಮೂವತ್ತೆರಡು ವರ್ಷಗಳ ಬಳಿಕ ಮತ್ತೆ ಜೀವ ಬಂದಿತು. ಅದೇ ವರ್ಷ ನಮ್ಮಲ್ಲಿ ಟಾಟಾ ಏಸ್ ಗಾಡಿಯೂ ವಿದ್ಯುತ್ತಿನ ರೂಪದಲ್ಲಿ ಬಂದಿತು.

ನಮ್ಮ ಕಾಲೇಜುಗಳಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಯಂತ್ರಶಾಲೆಯ ಕಡೆಗೂ, ಯಂತ್ರಶಾಸ್ತ್ರದ ವಿದ್ಯಾರ್ಥಿಗಳು ಮಂಡಿಯ ಹಮಾಲಿಗಳ ಕಡೆಗೂ ಹೋಗುವುದು ಅಪರೂಪ. ಹೋದರೆ ಇಬ್ಬರಿಗೂ ಲಾಭವೆಂದು ನಾನು ನಂಬಿದ್ದೇನೆ. ವ್ಯಾನಿನ ಪ್ರತಿಯೊಂದು ಅಳತೆಯ ಹಿಂದೆಯೂ ಯಾರದೋ ಒಂದು ನಿರ್ಧಾರವಿದೆ. ಪ್ರತಿಯೊಂದು ನಿರ್ಧಾರದ ಮುಂದೆಯೂ ಯಾರದೋ ಒಂದು ದೇಹವಿದೆ. ಬೆಳಿಗ್ಗೆ ಹಾಲು ತರುವ ಗಾಡಿ ಬಾಗಿಲಲ್ಲಿ ನಿಂತಾಗ ಅದರ ನೆಲ ನಿಮ್ಮ ಮೊಣಕಾಲಿಗೆ ಸಮವೋ ಸೊಂಟಕ್ಕೆ ಸಮವೋ, ಚಾಲಕನ ಪಾದದ ಮುಂದೆ ಎಷ್ಟು ಗೇಣು ತಗಡಿದೆ, ಹಿಂದಿನ ಕೊಳವೆಯಿಂದ ಬರುವುದು ಯಾವ ಬಣ್ಣದ ಹೊಗೆ ಎಂಬುದನ್ನು ಒಮ್ಮೆ ಗಮನಿಸಿ ನೋಡಿ. ಅದರ ಹೆಸರನ್ನು ಓದುವುದಕ್ಕೆ ಆಮೇಲೆ ಬೇಕಾದಷ್ಟು ಕಾಲವಿದೆ.